ದೋಷಪರೀಕ್ಷೆ ಮತ್ತು ಧರ್ಮದ ಆಯ್ಕೆ

(ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ಶ್ರೀಮಠದ ಸಭಾಭವನದಲ್ಲಿ ದಯಪಾಲಿಸಿದ ಆಶೀರ್ವಚನ)



ನಿನ್ನೆಗೆ ಭಕ್ತಸ್ಥಲದ ವಿಚಾರ ಮುಗಿಯಿತು. ಇಂದು ಕ್ರಮಪ್ರಾಪ್ತವಾಗಿ ಮಾಹೇಶ್ವರಸ್ಥಲಕ್ಕೆ ಬರಬೇಕು. ಭಕ್ತನಿಗೆ ಶ್ರದ್ಧೆ ಹೇಗೋ ಹಾಗೆ ಮಾಹೇಶ್ವರನಿಗೆ ನಿಷ್ಠೆ ಮುಖ್ಯವೆಂಬುದನ್ನು ತಾವೆಲ್ಲ ಕೇಳಿ ಬಲ್ಲಿರಿ. ಆದರೆ ನಿಷ್ಠೆಯೆಂದರೇನು? ಹುಟ್ಟಿದಲ್ಲಿ ಉಳಿದುಬಿಡುವುದು ನಿಷ್ಠೆಯೋ, ವಿಚಾರ ಮಾಡಿ ಒಪ್ಪಿದಲ್ಲಿ ನಿಲ್ಲುವುದು ನಿಷ್ಠೆಯೋ? ಗ್ರಂಥವನ್ನು ಬಿಚ್ಚಿ ಲಕ್ಷಣ ಹೇಳಿದರೆ ಅರ್ಧ ತಾಸಿನಲ್ಲಿ ಮುಗಿದೀತು. ಆದರೆ ಎರಡು ವರ್ಷದ ಹಿಂದೆ ಮಾರ್ಟಳ್ಳಿಯ ಒಂದು ಮನೆಯಲ್ಲಿ ಈ ಪ್ರಶ್ನೆ ನಮ್ಮೆದುರಿಗೇ ಬಂದು ನಿಂತಿತು. ಗ್ರಂಥದ ಲಕ್ಷಣ ಅಲ್ಲಿ ನಮ್ಮ ಕೈಹಿಡಿಯಲಿಲ್ಲ. ಕೆಟ್ಟುಹೋಗಿದ್ದ ಒಂದು ಗಣಕಯಂತ್ರವು ಹಿಡಿಯಿತು! ನಗಬೇಡಿ, ಪೂರ್ತಿ ಕೇಳಿ. ಆ ಮನೆಯವರ ಒಪ್ಪಿಗೆಯನ್ನು ಪಡೆದೇ ಹೇಳುತ್ತಿದ್ದೇವೆ. ಹೆಸರನ್ನು ಮಾತ್ರ ಹೇಳುವುದಿಲ್ಲ.

ಮಾರ್ಟಳ್ಳಿಯನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಮಲೆಮಹದೇಶ್ವರ ಬೆಟ್ಟದ ಸೀಮೆ, ತಮಿಳುನಾಡಿನ ಗಡಿಗೆ ಹತ್ತಿರ. ಈಗ ಹನೂರು ತಾಲೂಕಿಗೆ ಸೇರಿದೆ, ಮೊದಲು ಕೊಳ್ಳೇಗಾಲ ತಾಲೂಕಾಗಿತ್ತು. ೧೯೫೬ರ ನವೆಂಬರ್ ೧ಕ್ಕೆ ಮೊದಲು ಕೊಳ್ಳೇಗಾಲವೇ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೀಗಾಗಿ ಆ ಸೀಮೆಯಲ್ಲಿ ಒಂದೇ ಬೀದಿಯಲ್ಲಿ ಎರಡು ಭಾಷೆ, ಮೂರು ದೇವರು. ಮಾರ್ಟಳ್ಳಿಯಲ್ಲಿ ತಮಿಳು ಮನೆಮಾತಿನ ಕ್ಯಾಥೋಲಿಕ್ ಕ್ರೈಸ್ತರ ಮನೆಗಳು ಬಹಳ. ಬೆಳಿಗ್ಗೆ ಚರ್ಚಿನ ಗಂಟೆ ಕೇಳುತ್ತದೆ. ಮಾದಪ್ಪನ ಜಾತ್ರೆಯ ಕಾಲಕ್ಕೆ ಕಂಸಾಳೆಯವರ ಪದವೂ ಕೇಳುತ್ತದೆ. ಇವರ ಮನೆಯ ಮಗು ಅವರ ಮನೆಯಲ್ಲಿ ಉಂಡು ಬೆಳೆಯುತ್ತದೆ.

ಅಲ್ಲಿ ನಮ್ಮ ಶ್ರೀಮಠದ ಹಳೆಯ ಭಕ್ತರೊಬ್ಬರಿದ್ದಾರೆ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಪಾದಪೂಜೆಗೆ ಬಿನ್ನಹ ಮಾಡಿಕೊಂಡಿದ್ದರು, ಹೋಗಿದ್ದೆವು. ಪೂಜೆ, ಪ್ರಸಾದ ಎಲ್ಲವೂ ಆಯಿತು. ಮಧ್ಯಾಹ್ನ ನಡುಮನೆಯಲ್ಲಿ ಕುಳಿತಿದ್ದಾಗ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಗಣಕಯಂತ್ರವೊಂದು ಕಣ್ಣಿಗೆ ಬಿತ್ತು. ಹೂವನ್ನೂ ಮುಡಿಸಿ, ನಿಂಬೆಹಣ್ಣನ್ನೂ ಕಟ್ಟಿದ್ದರು! ಏನೆಂದು ಕೇಳಿದೆವು. ‘ಕೆಟ್ಟೋಗಿ ಎಂಟು ತಿಂಗಳಾಯ್ತು ಬುದ್ಧಿ. ದೃಷ್ಟಿ ಆಗದ ಅಂತ ಇವಳು ಕಟ್ಟವಳ’ ಎಂದು ಮೇಷ್ಟ್ರು ಪತ್ನಿಯ ಕಡೆ ಕೈತೋರಿದರು.

ಅದರಲ್ಲಿ ಅವರ ತೀರಿಹೋದ ತಾಯಿಯ ಭಾವಚಿತ್ರಗಳಿದ್ದವು. ಮೇಷ್ಟ್ರು ಇಪ್ಪತ್ತು ವರ್ಷ ಕೂಡಿಹಾಕಿದ ಗಾದೆಗಳನ್ನೂ ಸೋಬಾನೆ ಪದಗಳನ್ನೂ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದರು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಒಳಗಿನ ಬೀಸಣಿಗೆ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಬೀಪ್ ಬೀಪ್ ಎಂದು ಕೂಗಿ ಸುಮ್ಮನಾಗುತ್ತದೆ. ಪಟ್ಟಣದ ಒಂದು ಅಂಗಡಿಗೆ ಹೊತ್ತುಕೊಂಡು ಹೋದರೆ, ಅಲ್ಲಿ ಮುಚ್ಚಳವನ್ನೂ ತೆಗೆಯದೆ ‘ಮದರ್‌ಬೋರ್ಡು ಹೋಗಿದೆ, ಹೊಸದು ತಕೊಳ್ಳಿ’ ಎಂದರಂತೆ. ಬಂಧುವೊಬ್ಬರು ವೈರಸ್ಸು ಎಂದರು. ಇನ್ನೊಬ್ಬರು ಪರದೆ ಸುಟ್ಟಿದೆಯೆಂದರು. ಮನೆಯಾಕೆ ದೃಷ್ಟಿ ಎಂದರು. ನಾಲ್ಕು ಜನ ನಾಲ್ಕು ನಿದಾನ ಹೇಳಿದರು, ಒಬ್ಬರೂ ಒಳಗೆ ನೋಡಲಿಲ್ಲ.

ಆ ಹೊತ್ತಿಗೆ ಪಕ್ಕದ ಬೀದಿಯ ಕ್ರೈಸ್ತರ ಮನೆಯ ಹುಡುಗ, ಡಿಪ್ಲೊಮಾ ಓದಿದವನು, ಬಂದ. ಹಬ್ಬಕ್ಕೆಂದು ಊರಿಗೆ ಬಂದಿದ್ದನಂತೆ. ನಮಗೆ ಕೈಮುಗಿದು ‘ಸಾರ್, ಸ್ವಾಮಿಗಳು ಇರುವಾಗ ಬೇಡ, ಸಾಯಂಕಾಲ ಬರ್ತೀನಿ’ ಎಂದು ಹಿಂದಕ್ಕೆ ಸರಿದ. ‘ಇಲ್ಲಪ್ಪ, ನಾವೂ ನೋಡಬೇಕು, ಕುಳಿತುಕೋ’ ಎಂದೆವು.

ಅವನು ಮಾಡಿದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಮನೆಯಲ್ಲಿ ಗಣಕಯಂತ್ರ ಉಳ್ಳವರಿಗೆ ಉಪಯೋಗಕ್ಕೂ ಬಂದೀತು.

ಮೊದಲು ಅವನು ಯಂತ್ರವನ್ನು ಮುಟ್ಟಲೇ ಇಲ್ಲ. ಪ್ರಶ್ನೆ ಕೇಳಿದ. ಯಾವಾಗಿನಿಂದ ಹೀಗೆ? ಅದಕ್ಕೆ ಮುಂಚೆ ಏನಾಯಿತು? ಯಾರಾದರೂ ಸ್ಥಳ ಬದಲಿಸಿದರೇ? ಬೀಪ್ ಎಷ್ಟು ಸಲ? ಮಳೆಗಾಲದಲ್ಲಿ ಗೋಡೆ ಸೋರಿ, ಯಂತ್ರವನ್ನು ಒಂದು ತಿಂಗಳು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರೆಂಬುದು ಆಗ ಹೊರಗೆ ಬಂತು. ಎಂಟು ತಿಂಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಆಮೇಲೆ ಗೋಡೆಯ ಪ್ಲಗ್ಗನ್ನು ಬದಲಿಸಿ ನೋಡಿದ. ಪರದೆಯನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದ, ಬೆಳಗಿತು. ಆದ್ದರಿಂದ ಪರದೆಯ ದೋಷವಲ್ಲ. ಬಳಿಕ ವಿದ್ಯುತ್ತಿನ ತಂತಿಯನ್ನು ಪೂರ್ತಿ ಕಿತ್ತು, ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದ. ಒಳಗೆ ಕೈಹಾಕುವ ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಿದ. ಏಕೆಂದು ಕೇಳಿದೆವು. ನಮ್ಮ ಮೈಯಲ್ಲೇ ಅಲ್ಪಸ್ವಲ್ಪ ವಿದ್ಯುತ್ತು ಕೂಡಿರುತ್ತದಂತೆ; ನಮಗೆ ಅದು ತಿಳಿಯುವುದಿಲ್ಲ, ಆದರೆ ಒಳಗಿನ ಸೂಕ್ಷ್ಮ ಭಾಗಗಳನ್ನು ಕೆಡಿಸಿಬಿಡಬಲ್ಲದು. ಅದನ್ನು ಕಳೆದುಕೊಂಡು ಕೈಹಾಕಬೇಕು. ಈ ಮಾತು ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿತು; ಮುಂದೆ ಹೇಳುತ್ತೇವೆ.

ಒಳಗೆ ಗೇಣುದ್ದದ ಎರಡು ಪಟ್ಟಿಗಳು ನಿಂತಿದ್ದವು. ರ‍್ಯಾಮ್ ಎನ್ನುತ್ತಾರೆ. ಯಂತ್ರ ಕೆಲಸ ಮಾಡುವಾಗ ತಾತ್ಕಾಲಿಕವಾಗಿ ನೆನಪಿಟ್ಟುಕೊಳ್ಳುವ ಜಾಗ. ಎರಡನ್ನೂ ತೆಗೆದು, ಮೊದಲನೆಯದನ್ನು ಮಾತ್ರ ಹಾಕಿದ, ಯಂತ್ರ ಎದ್ದಿತು! ಅದನ್ನು ತೆಗೆದು ಅದೇ ಜಾಗದಲ್ಲಿ ಎರಡನೆಯದನ್ನು ಹಾಕಿದ, ಬೀಪ್ ಎಂದಿತು. ಜಾಗ ಅದೇ, ಪಟ್ಟಿ ಬೇರೆ. ಆದ್ದರಿಂದ ದೋಷ ಜಾಗದ್ದಲ್ಲ, ಪಟ್ಟಿಯದು.

ಭಕ್ತ ಮಹಾಶಯರೇ, ನಾವು ಎಳವೆಯಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರು. ಇದು ಇದ್ದಲ್ಲಿ ಅದು ಇರುತ್ತದೆ ಎಂಬುದು ಅನ್ವಯ. ಇದು ಇಲ್ಲದಲ್ಲಿ ಅದೂ ಇರುವುದಿಲ್ಲ ಎಂಬುದು ವ್ಯತಿರೇಕ. ಎರಡೂ ಕೂಡಿದರೆ ಮಾತ್ರ ಕಾರಣ ಗಟ್ಟಿಯಾಗುತ್ತದೆ. ಹೊಗೆ, ಬೆಂಕಿ, ಅಡುಗೆಮನೆ, ಮಡು ಎಂದು ಬಾಯಿಪಾಠ ಮಾಡಿ ಮಾಡಿ ನಮಗೆ ಸಾಕಾಗಿತ್ತು. ನಾಲ್ಕು ದಶಕಗಳ ನಂತರ ಒಂದೂ ಸೂತ್ರವನ್ನು ಓದದ ಹುಡುಗನ ಕೈಯಲ್ಲಿ ಅದೇ ಶಾಸ್ತ್ರ ನಡೆಯುವುದನ್ನು ಕಂಡೆವು. ಅವನು ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಿದ್ದ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ ಎಂದ. ನಮ್ಮ ಗುರುಗಳು ಬೆತ್ತ ಹಿಡಿದು ಕಲಿಸಲು ಹವಣಿಸಿದ್ದು ಇದನ್ನೇ.

ದೋಷದ ಪಟ್ಟಿಯನ್ನು ಅವನು ಎಸೆಯಲಿಲ್ಲ. ಅದರ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಚಿನ್ನದ ಲೇಪದ ಗೆರೆಗಳಿದ್ದವು. ತೇವಕ್ಕೂ ಅಡುಗೆಯ ಹೊಗೆಗೂ ಅವು ಮಂಕಾಗಿದ್ದವು. ಮೇಷ್ಟ್ರ ಮೇಜಿನ ಮೇಲಿದ್ದ ಪೆನ್ಸಿಲ್ ಅಳಿಸುವ ರಬ್ಬರನ್ನು ತೆಗೆದುಕೊಂಡು ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ ಹಾಕಿದ. ಯಂತ್ರ ಎದ್ದು ನಿಂತಿತು. ಖರ್ಚು, ಒಂದು ರಬ್ಬರಿನ ತುದಿ.

ಅಲ್ಲಿಗೇ ಅವನು ಏಳಲಿಲ್ಲ. ಮೊಟ್ಟಮೊದಲು ಭಾವಚಿತ್ರಗಳನ್ನೂ ಗಾದೆಗಳನ್ನೂ ಬೇರೊಂದು ಕಡೆಗೆ ನಕಲು ಮಾಡಿಕೊಟ್ಟ. ‘ಇದು ಮುಗಿಯೋವರೆಗೂ ಬೇರೆ ಯಾವುದನ್ನೂ ಮುಟ್ಟಲ್ಲ ಸಾರ್’ ಎಂದ. ಆಮೇಲೆ ಹೇಳಿದ: ಇದರಲ್ಲಿರುವುದು ವಿಂಡೋಸ್ ೭. ಅದಕ್ಕೆ ಕಂಪನಿಯವರು ಕೊಡುತ್ತಿದ್ದ ರಕ್ಷಣೆ ೨೦೨೦ರ ಜನವರಿಯಲ್ಲೇ ನಿಂತಿದೆ. ಇದನ್ನೇ ಇಟ್ಟುಕೊಳ್ಳಬಹುದು, ಅಂತರ್ಜಾಲಕ್ಕೆ ಸೇರಿಸದೆ. ಹೊಸ ವಿಂಡೋಸ್ ಹಾಕಬಹುದು, ಯಂತ್ರ ನಿಧಾನವಾದೀತು. ಲಿನಕ್ಸ್ ಎಂಬುದು ಹಾಕಬಹುದು, ದುಡ್ಡಿಲ್ಲ, ಆದರೆ ಹೊಸದಾಗಿ ಕಲಿಯಬೇಕು. ಮೇಷ್ಟ್ರು ‘ನಿಂಗ ಯಾವ್ದು ಸರಿ ಅನ್ಸುತ್ತೋ ಅದ್ನೇ ಹಾಕ್ಬುಡು’ ಎಂದರು. ಹುಡುಗ ನಕ್ಕು, ‘ಕಂಪ್ಯೂಟರ್ ನಿಮ್ಮದು ಸಾರ್. ದಿನಾ ಅದರ ಮುಂದೆ ಕೂರೋರು ನೀವು. ಒಂದು ವಾರ ಯೋಚನೆ ಮಾಡಿ ಹೇಳಿ’ ಎಂದು ಚಹಾ ಕುಡಿದು ಹೋದ.

ಇದು ಹಾಗಿರಲಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೇಷ್ಟ್ರು ನಮ್ಮ ಬಳಿ ಬಂದು ಕುಳಿತರು. ಪಾದಪೂಜೆಗೆ ಕರೆದ ನಿಜವಾದ ಕಾರಣ ಆಗ ಹೊರಗೆ ಬಂತು. ಅವರ ಮಗಳಿಗೆ ಇಪ್ಪತ್ತೇಳು ವರ್ಷ. ಮೈಸೂರಿನಲ್ಲಿ ಆಸ್ಪತ್ರೆಯ ದಾದಿ. ಅವಳು ಕ್ರೈಸ್ತಳಾಗುತ್ತೇನೆಂದು ಹೇಳಿದ್ದಾಳೆ. ಮುದುಕ ಬಿಕ್ಕಿ ಬಿಕ್ಕಿ ಅತ್ತರು. ‘ನೀವೊಂದು ಮಾತು ಹೇಳಿದ್ರ ಮೀರಲ್ಲ ಬುದ್ಧಿ. ಗದ್ದುಗ ಮುಂದ ನಿಲ್ಸಿ ಆಣ ಮಾಡ್ಸಿ’ ಎಂದರು.

ಆಣೆ! ಮಾದಪ್ಪನ ಸೀಮೆಯಲ್ಲಿ ಕುಳಿತು ಆಣೆಯ ಮಾತೆತ್ತಿದಾಗ ನಮಗೆ ತಟ್ಟನೆ ಸಂಕಮ್ಮನ ಸಾಲು ನೆನಪಾಯಿತು. ನೀಲೇಗೌಡ ಜೇನಿಗೆಂದು ಕಾಡಿಗೆ ಹೊರಡುವ ಮೊದಲು, ಬಲಗೈ ಮುಟ್ಟಿ ಭಾಷೆ ಕೊಡು ಎಂದು ಹೆಂಡತಿಯನ್ನು ಹಿಂಸಿಸುತ್ತಾನೆ. ಸಂಕಮ್ಮನಲ್ಲಿ ದೋಷವೇನೂ ಇಲ್ಲ. ಭಾಷೆ ಕೊಟ್ಟುಬಿಟ್ಟಿದ್ದರೆ ಹಿಂಸೆ ತಪ್ಪುತ್ತಿತ್ತು. ಆದರೂ ಅವಳು ಕೊಡುವುದಿಲ್ಲ. ಮಹದೇಶ್ವರರು ಯಾರ ಕಡೆ ನಿಂತರು? ಭಾಷೆ ಕೇಳಿದವನ ಕಡೆ ನಿಲ್ಲಲಿಲ್ಲ. ಕೊಡದವಳನ್ನು ಕಾಪಾಡಿದರು, ಕಾರಯ್ಯ ಬಿಲ್ಲಯ್ಯರನ್ನು ಅವಳಿಗೆ ಕರುಣಿಸಿದರು. ಆ ಕಥೆಯನ್ನು ರಾತ್ರಿಯೆಲ್ಲ ಕುಳಿತು ಕೇಳುವವರು ನಾವು, ಬೆಳಗಾದರೆ ಮಗಳ ಬಲಗೈ ಹಿಡಿದು ಭಾಷೆ ಕೇಳುತ್ತೇವೆ. ಮೇಷ್ಟ್ರಿಗೆ ಇಷ್ಟನ್ನೇ ಹೇಳಿದೆವು: ಆಣೆ ಮಾಡಿಸುವುದಿಲ್ಲ, ಮಾತಾಡುತ್ತೇವೆ.

ಮಾತಾಡುವ ಮುಂಚೆ ನಾವು ನಮ್ಮ ಕೈಯಲ್ಲಿದ್ದ ವಿದ್ಯುತ್ತನ್ನು ಕಳೆದುಕೊಳ್ಳಬೇಕಾಗಿತ್ತು. ನಮ್ಮ ಮೈಯಲ್ಲಿ ಕೂಡಿದ್ದು ಪೀಠದ ಅಭಿಮಾನ. ನಮ್ಮ ಭಕ್ತರ ಮನೆಯ ಮಗು ಹೊರಗೆ ಹೋಗುತ್ತದೆಯೆಂದರೆ ನಮಗೆ ಸೋಲು, ಹೊರಗಿನವರೊಬ್ಬರು ಒಳಗೆ ಬಂದರೆ ನಮಗೆ ಗೆಲುವು ಎಂಬ ಲೆಕ್ಕ. ಈ ಲೆಕ್ಕದಿಂದ ಒಮ್ಮೆ ನಾವು ಕೆಟ್ಟಿದ್ದೇವೆ, ಮುಚ್ಚಿಡುವುದೇಕೆ? ಏಳೆಂಟು ವರ್ಷದ ಹಿಂದೆ ಬೇರೊಂದು ಮತದ ತರುಣನೊಬ್ಬ ಬಂದು ಲಿಂಗದೀಕ್ಷೆ ಬೇಡಿದ. ನಮಗೆ ಹಿಗ್ಗಾಯಿತು. ಏಕೆ, ಏನು ಎಂದು ಬಗೆದು ನೋಡದೆ ಎಂಟೇ ದಿನದಲ್ಲಿ ದೀಕ್ಷೆ ಕೊಟ್ಟೆವು. ಸಭೆಯಲ್ಲಿ ಹಾರ ಹಾಕಿಸಿದೆವು, ತಾವೂ ಚಪ್ಪಾಳೆ ತಟ್ಟಿದಿರಿ. ಆಮೇಲೆ ತಿಳಿಯಿತು, ಅಣ್ಣನೊಡನೆ ಜಮೀನಿನ ವ್ಯಾಜ್ಯ. ಅವನನ್ನು ನೋಯಿಸಲೆಂದು ಬಂದಿದ್ದ. ವ್ಯಾಜ್ಯ ರಾಜಿಯಾಯಿತು. ಆರು ತಿಂಗಳಿಗೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ನಾವು ಇಲ್ಲದ ಹೊತ್ತಿನಲ್ಲಿ ಮಠದ ಕಟ್ಟೆಯ ಮೇಲಿಟ್ಟು ಹೋದ. ಅವನನ್ನು ನಾವು ದೂಷಿಸುವುದಿಲ್ಲ. ಮುಚ್ಚಳ ತೆಗೆಯದೆ ನಿದಾನ ಹೇಳಿದ ಅಂಗಡಿಯವರಿಗೂ ನಮಗೂ ಏನು ವ್ಯತ್ಯಾಸ?

ಮರುದಿನ ಮಗಳೊಡನೆ ಜಗಲಿಯಲ್ಲಿ ಕುಳಿತೆವು. ತಾಯಿಯೂ ಇದ್ದಳು. ಹುಡುಗನಂತೆಯೇ ಪ್ರಶ್ನೆ ಕೇಳಿದೆವು. ಯಾವಾಗಿನಿಂದ ಮಗು ಈ ಮನಸ್ಸು? ಯಾರನ್ನಾದರೂ ಮದುವೆಯಾಗಬೇಕೆಂದೇ? ಇಲ್ಲ. ಯಾರಾದರೂ ಕೆಲಸ, ಹಣ, ಆಸರೆ ಕೊಡುತ್ತೇವೆಂದರೇ? ಇಲ್ಲ, ಸಂಬಳ ಬರುತ್ತದೆ. ಅಪ್ಪನ ಮೇಲೆ ಸಿಟ್ಟೇ? ತಲೆ ತಗ್ಗಿಸಿದಳು. ಸಿಟ್ಟಿತ್ತು. ಮೂರು ವರ್ಷದಿಂದ ಒಪ್ಪದ ಸಂಬಂಧಕ್ಕೆ ಒತ್ತಾಯಿಸುತ್ತಿದ್ದರು. ಸರಿ, ಒಂದು ಸಲಕ್ಕೆ ಒಂದು. ಮೇಷ್ಟ್ರನ್ನು ಕರೆದು, ಮದುವೆಯ ಮಾತನ್ನು ಒಂದು ವರ್ಷ ಎತ್ತಬಾರದೆಂದು ಅಪ್ಪಣೆ ಮಾಡಿದೆವು. ಅವರು ಮಾತು ಉಳಿಸಿಕೊಂಡರು. ಸಿಟ್ಟು ಇಳಿಯಿತು, ಅಪ್ಪ ಮಗಳು ಮಾತಾಡುವಂತಾದರು. ಆದರೆ ಅವಳ ಮನಸ್ಸು ಬದಲಾಗಲಿಲ್ಲ. ಸಿಟ್ಟು ಹೋದ ಮೇಲೂ ಬಯಕೆ ನಿಂತಿದೆಯೆಂದರೆ ಸಿಟ್ಟು ಅದಕ್ಕೆ ಕಾರಣವಲ್ಲ. ವ್ಯತಿರೇಕ ನಮ್ಮ ವಿರುದ್ಧ ಹೋಯಿತು.

ಅವಳು ಹೇಳಿದ್ದು ಬೇರೆ. ಕೋವಿಡ್ ಬಂದ ೨೦೨೦, ೨೦೨೧ರಲ್ಲಿ ಅವಳು ರಾತ್ರಿಪಾಳಿಯಲ್ಲಿದ್ದಳು. ಬಂಧುಗಳು ಹತ್ತಿರ ಬರಲಾಗದೆ ಜನ ಒಬ್ಬೊಬ್ಬರೇ ಸಾಯುವುದನ್ನು ಕಂಡವಳು. ಜೊತೆಯ ಕ್ರೈಸ್ತ ದಾದಿಯೊಬ್ಬಳು ಸಾಯುವವರ ಕೈಹಿಡಿದು ಮೆಲ್ಲಗೆ ಪ್ರಾರ್ಥಿಸುತ್ತಿದ್ದಳಂತೆ. ‘ನಂಗೂ ಹಂಗ ಏನಾದ್ರೂ ಹೇಳ್ಬೇಕು ಅನ್ಸದು ಬುದ್ಧಿ. ನಂಗೇನೂ ಗೊತ್ತಿರ್ನಿಲ್ಲ. ಹುಟ್ಟಿದಾಗ ಲಿಂಗ ಕಟ್ಟಿದ್ರಂತ. ಅದ್ಯಾಕ ಅಂತ ಯಾರೂ ಹೇಳ್ನಿಲ್ಲ. ಅದು ಬೀರೂಲಿತ್ತು.’

ಭಕ್ತರೇ, ಈ ಮಾತು ಕೇಳಿ ನಾವು ಕುಳಿತಲ್ಲೇ ಕುಗ್ಗಿದೆವು. ಬೀರುವಿನಲ್ಲಿತ್ತು! ಲಿಂಗವೇನೋ ಇತ್ತು, ಸಂಪರ್ಕದ ಹಲ್ಲು ಮಂಕಾಗಿತ್ತು. ಮಂಕಾಗಿಸಿದವರು ಪಕ್ಕದ ಬೀದಿಯವರಲ್ಲ. ಮೇಷ್ಟ್ರು ಇಪ್ಪತ್ತು ವರ್ಷ ಗಾದೆ ಕೂಡಿಹಾಕಿದರು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಿಂಗಪೂಜೆಯ ಅರ್ಥ ಹೇಳಲಿಲ್ಲ. ನಾವು ವರ್ಷಕ್ಕೊಮ್ಮೆ ಹೋಗಿ ಪಾದಪೂಜೆ ಮಾಡಿಸಿಕೊಂಡು ಬಂದೆವು, ಕಾಣಿಕೆ ತಂದೆವು, ಆ ಮಗುವನ್ನು ಒಮ್ಮೆಯೂ ಹತ್ತಿರ ಕರೆಯಲಿಲ್ಲ. ದೋಷ ಎಲ್ಲಿದೆಯೆಂದು ನೋಡಲು ಹೋದರೆ ನಮ್ಮ ಮುಖವೇ ಕಂಡಿತು.

ಅವಳನ್ನು ಬೇಡಿಕೊಂಡೆವು. ಹೌದು, ಬೇಡಿಕೊಂಡೆವೆಂದೇ ಹೇಳುತ್ತೇವೆ. ‘ತಾಯಿ, ನಿನ್ನನ್ನು ತಡೆಯುವುದಿಲ್ಲ. ಬಿಡುವುದೇನೆಂದು ತಿಳಿದುಕೊಂಡು ಬಿಡು. ಅಜ್ಜಿಯ ಚಿತ್ರಗಳನ್ನು ಆ ಹುಡುಗ ಮೊದಲು ತೆಗೆದಿಟ್ಟನಲ್ಲ, ಹಾಗೆ.’ ಒಪ್ಪಿದಳು. ತಿಂಗಳಿಗೆ ಎರಡು ಭಾನುವಾರ ಮೈಸೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಇಷ್ಟಲಿಂಗ, ಅಷ್ಟಾವರಣ, ಷಟ್‌ಸ್ಥಲ ಎಲ್ಲವನ್ನೂ ಹೇಳಿದೆವು. ಇಂದು ಈ ಸಭೆಯಲ್ಲಿ ಕುಳಿತಿರುವ ಬಹುಮಂದಿಗಿಂತ ಹೆಚ್ಚು ವಚನಗಳು ಅವಳಿಗೆ ಕಂಠಸ್ಥ. ಬೇಸರ ಮಾಡಿಕೊಳ್ಳಬೇಡಿ, ನಿಜವನ್ನೇ ಹೇಳುತ್ತಿದ್ದೇವೆ.

ಈ ನಡುವೆ ಒಬ್ಬ ಪಾದ್ರಿಗಳ ಭೇಟಿಯೂ ಆಯಿತು. ಅವರು ನಮ್ಮ ಮೇಲೆ ಮುನಿದಾರೆಂದು ನಾವು, ನಾವು ಅವರ ಮೇಲೆ ಮುನಿದೇವೆಂದು ಅವರು, ಇಬ್ಬರೂ ಅಂಜಿದ್ದೆವು. ಅವರಿಂದ ಒಂದು ಸಂಗತಿ ತಿಳಿಯಿತು. ಕ್ಯಾಥೋಲಿಕರಲ್ಲಿ ವಯಸ್ಸಿಗೆ ಬಂದವರು ದೀಕ್ಷಾಸ್ನಾನ ಬಯಸಿದರೆ ಕೂಡಲೇ ಕೊಟ್ಟುಬಿಡುವುದಿಲ್ಲ; ಬಹಳ ಕಾಲದ ಶಿಕ್ಷಣವುಂಟು, ಅನೇಕ ವೇಳೆ ಒಂದು ವರ್ಷ, ಹೆಚ್ಚೂ ಆಗಬಹುದು. ಪ್ರಾಚೀನಕಾಲದ ಈ ಪದ್ಧತಿಯನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ೧೯೭೨ರಲ್ಲಿ ವಿಧಿಪೂರ್ವಕವಾಗಿ ಮತ್ತೆ ಜಾರಿಗೆ ತಂದರು. ದೀಕ್ಷೆಯನ್ನು ಸಾಮಾನ್ಯವಾಗಿ ಈಸ್ಟರ್ ಹಬ್ಬದ ಮುಂಚಿನ ರಾತ್ರಿಯ ಜಾಗರಣೆಯಲ್ಲಿ ಕೊಡುತ್ತಾರೆ. ನಮ್ಮ ಎಂಟು ದಿನ ನೆನಪಾಗಿ ನಾಚಿಕೆಯಾಯಿತು.

ಈಗ ತಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ‘ಬುದ್ಧಿಯವರು ಪೀಠದಲ್ಲಿ ಕುಳಿತು ಹೋಗುವವರನ್ನು ಹೀಗೆ ಬಿಡಬಹುದೇ?’

ಬಸವಣ್ಣನವರು ಯಾರು? ಬಾಗೇವಾಡಿಯ ಅಗ್ರಹಾರದಲ್ಲಿ ಹುಟ್ಟಿದವರು. ಭೀಮಕವಿಯ ಬಸವಪುರಾಣದಲ್ಲಿ ಅವರು ಉಪನಯನವನ್ನೇ ಒಲ್ಲೆನೆನ್ನುತ್ತಾರೆ. ಅದಕ್ಕೂ ಹಿಂದಿನ ಹರಿಹರನ ರಗಳೆಯಲ್ಲಿ ಜನಿವಾರವನ್ನು ಕಿತ್ತೊಗೆದು ಮನೆ ಬಿಟ್ಟು ಕೂಡಲಸಂಗಮಕ್ಕೆ ಹೊರಡುತ್ತಾರೆ. ಎರಡರಲ್ಲಿಯೂ ಸಾರ ಒಂದೇ, ಹುಟ್ಟಿನಿಂದ ಬಂದುದನ್ನು ಬಿಟ್ಟರು, ಒಪ್ಪಿದ್ದನ್ನು ಹಿಡಿದರು. ಅಂದು ಬಾಗೇವಾಡಿಯ ಹಿರಿಯರೂ ನಮ್ಮ ಮೇಷ್ಟ್ರಂತೆಯೇ ಅತ್ತಿರಬೇಕು. ಕಲ್ಯಾಣಕ್ಕೆ ಬಂದ ಶರಣರಲ್ಲಿ ಸಮಗಾರ ಹರಳಯ್ಯನವರು, ಬ್ರಾಹ್ಮಣ ಮಧುವರಸರು, ಮಡಿವಾಳ ಮಾಚಯ್ಯನವರು, ಎಲ್ಲರೂ ಹಳೆಯ ಮನೆಯನ್ನು ಹಿಂದೆ ಬಿಟ್ಟೇ ಬಂದವರು. ನಮ್ಮ ಸೀಮೆಯಲ್ಲಿಯೇ ನೋಡಿ, ಮಾದಪ್ಪನ ಪೂಜೆಯನ್ನು ಪರಂಪರೆಯಿಂದ ಮಾಡಿಕೊಂಡು ಬಂದವರು ಬೇಡಗಂಪಣರು. ಹುಟ್ಟಿದಲ್ಲೇ ಇರಬೇಕೆಂಬುದು ನಿಯಮವಾದರೆ ಲಿಂಗಾಯತವೆಂಬುದು ಹುಟ್ಟುತ್ತಲೇ ಇರಲಿಲ್ಲ. ಬರುವ ಬಾಗಿಲನ್ನು ತೆರೆದಿಟ್ಟು, ಅದೇ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕುವುದು ಯಾವ ನ್ಯಾಯ?

ಇನ್ನೊಬ್ಬ ಮಹಾನುಭಾವರನ್ನು ಇಲ್ಲಿ ನೆನೆಯಬೇಕು. ಡಾ. ಅಂಬೇಡ್ಕರರು ೧೯೩೫ರ ಅಕ್ಟೋಬರಿನಲ್ಲಿ ಯೇವಲೆಯ ಸಭೆಯಲ್ಲಿ, ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದರು. ಬೌದ್ಧಧರ್ಮವನ್ನು ಸ್ವೀಕರಿಸಿದ್ದು ೧೯೫೬ರ ಅಕ್ಟೋಬರ್ ೧೪ರಂದು, ನಾಗಪುರದಲ್ಲಿ. ನಡುವೆ ಇಪ್ಪತ್ತೊಂದು ವರ್ಷ! ಸಿಟ್ಟಿನಿಂದ ಬದಲಾಯಿಸುವವನು ಇಪ್ಪತ್ತೊಂದು ದಿನವೂ ಕಾಯುವುದಿಲ್ಲ. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ರಬ್ಬರಿನಿಂದ ಉಜ್ಜಿದರೆ ಹೋಗುವ ದೋಷವುಂಟು, ಉಜ್ಜಿದಷ್ಟೂ ಹೋಗದ ದೋಷವೂ ಉಂಟು. ಕೆರೆಯ ನೀರು ಮುಟ್ಟಬೇಡ, ಗುಡಿಯೊಳಗೆ ಬರಬೇಡ ಎಂದು ಸಾವಿರ ವರ್ಷ ಹೇಳಿಸಿಕೊಂಡವರಿಗೆ ‘ಇದ್ದಲ್ಲೇ ಸರಿಮಾಡಿಕೋ’ ಎಂದು ಉಪದೇಶಿಸುವ ಬಾಯಿ ನಮಗಿಲ್ಲ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಸಂವಿಧಾನದ ೨೫ನೆಯ ಅನುಚ್ಛೇದ ಪ್ರತಿಯೊಬ್ಬರಿಗೂ ಅಂತಃಕರಣದ ಸ್ವಾತಂತ್ರ್ಯವನ್ನು ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳ ಮೇರೆಯೊಳಗೆ. ಪ್ರಚಾರ ಮಾಡುವ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಗೊಳಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು ೧೯೭೭ರಲ್ಲಿ ತೀರ್ಪಿತ್ತಿತು. ೨೦೧೮ರಲ್ಲಿ ಕೇರಳದ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ, ವಯಸ್ಸಿಗೆ ಬಂದವರ ನಂಬಿಕೆಯ ಆಯ್ಕೆ ಅವರದೇ ಎಂದೂ ಹೇಳಿತು. ಎಳೆಯುವ ಹಕ್ಕು ಹೊರಗಿನವರಿಗಿಲ್ಲ, ಕಟ್ಟಿಹಾಕುವ ಹಕ್ಕು ಒಳಗಿನವರಿಗಿಲ್ಲ. ನಮಗೆ ಕಾನೂನು ಅಷ್ಟಾಗಿ ತಿಳಿಯದು, ಇಷ್ಟು ಸಾಕು.

ಹೋದವರು ಶತ್ರುಗಳಾಗುತ್ತಾರೆಂಬ ಭಯವೂ ತಮಗಿದೆ. ಉತ್ತಂಗಿ ಚನ್ನಪ್ಪನವರ ಹೆಸರನ್ನು ಕೇಳಿದ್ದೀರಾ? ೧೮೮೧ರಲ್ಲಿ ಹುಟ್ಟಿ ೧೯೬೨ರಲ್ಲಿ ತೀರಿಕೊಂಡವರು. ಕ್ರೈಸ್ತ ಪಾದ್ರಿಗಳು, ಕೊನೆಯವರೆಗೂ ಕ್ರೈಸ್ತರು. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದವರು ಅವರು. ಶರಣಸಾಹಿತ್ಯದಲ್ಲಿ ದುಡಿದವರು. ೧೯೪೯ರಲ್ಲಿ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ವಚನಗಳನ್ನು ಅವರು ಓದಿದ ಹಾಗೆ ಓದಿದ ಮಠಾಧಿಪತಿಗಳು ಎಷ್ಟು ಜನ? ನಮ್ಮನ್ನೂ ಸೇರಿಸಿಯೇ ಕೇಳುತ್ತಿದ್ದೇವೆ.

ಯಂತ್ರಕ್ಕೂ ಧರ್ಮಕ್ಕೂ ಎಲ್ಲದರಲ್ಲಿ ಹೋಲಿಕೆಯಿಲ್ಲ. ಮುಖ ಚಂದ್ರನಂತಿದೆ ಎಂದರೆ ಮುಖದಲ್ಲಿ ಕಲೆ ಹುಡುಕಬಾರದು. ಯಂತ್ರ ಸರಿಹೋಯಿತೇ ಇಲ್ಲವೇ ಎಂಬುದು ಗುಂಡಿ ಒತ್ತಿದರೆ ತಿಳಿಯುತ್ತದೆ. ಜೀವದ ವಿಷಯದಲ್ಲಿ ಹಾಗೆ ಯಾರಿಗೂ ತಿಳಿಯದು. ಒಂದು ಸ್ವಾರಸ್ಯವನ್ನು ಮಾತ್ರ ಹೇಳಿಬಿಡುತ್ತೇವೆ. ಗಣಕಯಂತ್ರ ಪ್ರತಿಸಲ ಎದ್ದಾಗಲೂ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದಂತೆ. ಎಲ್ಲ ಅಂಗವೂ ನೆಟ್ಟಗಿದೆಯೇ ಎಂದು ನೋಡಿಕೊಂಡ ಮೇಲೆಯೇ ಕೆಲಸಕ್ಕೆ ತೊಡಗುತ್ತದೆ. ಸರಿಯಿಲ್ಲದಿದ್ದರೆ ಬೀಪ್ ಎಂದು ಕೂಗುತ್ತದೆ. ಎಂಟು ತಿಂಗಳು ಅದು ಕೂಗಿದ್ದೇ ತನ್ನ ದೋಷವನ್ನು ಹೇಳಲು. ಯಾರಿಗೂ ಆ ಭಾಷೆ ತಿಳಿಯಲಿಲ್ಲ. ನಿಂಬೆಹಣ್ಣು ಕಟ್ಟಿದರು.

ಮಗಳ ವಿಷಯ ಏನಾಯಿತೆಂದು ಕೇಳುತ್ತೀರಿ. ಒಂದು ವರ್ಷ ಕಲಿತಳು. ಕೊನೆಯ ಭಾನುವಾರ ನಾವೇ ಕೇಳಿದೆವು, ಈಗ ಏನನ್ನಿಸುತ್ತದೆ ತಾಯಿ? ‘ಮೊದ್ಲು ನಂಗ ಏನೂ ಗೊತ್ತಿಲ್ದ ಹೋಗನಾ ಅಂತಿದ್ದಿ ಬುದ್ಧಿ. ಈಗ ಗೊತ್ತಾಗದ. ಬಸವಣ್ಣ ನಂಗ ದೊಡ್ಡವರೇ. ಆದ್ರ ಆ ವಾರ್ಡಲ್ಲಿ ನಂಗ ಸಿಕ್ಕಿದ್ದು ಯೇಸುನೇ’ ಎಂದಳು. ಸುಳ್ಳು ಹೇಳುವುದೇಕೆ, ನಮಗೆ ನೋವಾಯಿತು. ರಾತ್ರಿ ಪ್ರಸಾದ ಸೇರಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಅವಳ ಮಾತಿನಲ್ಲಿ ದೋಷ ಹುಡುಕಿದೆವು. ಸಿಗಲಿಲ್ಲ. ಮಾಹೇಶ್ವರಸ್ಥಲದ ನಿಷ್ಠೆಯೆಂದರೆ ಇದೇ ಅಲ್ಲವೇ, ಆದರೆ ಬೇರೆ ಗುಡಿಯಲ್ಲಿ, ಎಂದು ನಮಗೆ ನಾವೇ ಹೇಳಿಕೊಂಡೆವು.

ಕಳೆದ ಈಸ್ಟರ್ ಜಾಗರಣೆಯಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು. ತಾಯಿ ಹೋಗಿ ಚರ್ಚಿನ ಹೊರಗೆ ಮರದ ಕೆಳಗೆ ನಿಂತು ಬಂದರಂತೆ. ಮೇಷ್ಟ್ರು ಹೋಗಲಿಲ್ಲ. ಮನೆಯ ಬಾಗಿಲನ್ನು ಮುಚ್ಚಬಾರದೆಂದು ನಾವು ಅವರಲ್ಲಿ ಬೇಡಿಕೊಂಡಿದ್ದೆವು. ಮುಚ್ಚಲಿಲ್ಲ, ಆದರೆ ಬಹಳ ದಿನ ಮಾತಾಡಲೂ ಇಲ್ಲ.

ಹಬ್ಬ ಕಳೆದು ಒಂದು ವಾರಕ್ಕೆ ಅವಳು ಮಠಕ್ಕೆ ಬಂದಳು. ಸೆರಗಿನಲ್ಲಿ ಕರಡಿಗೆ, ಶಿವದಾರ ಸಮೇತ. ‘ಇದ್ನ ಏನ್ ಮಾಡ್ಲಿ ಬುದ್ಧಿ? ಹೊಳಗ ಬುಡಕ ಮನಸ್ಸು ಬರ್ನಿಲ್ಲ. ಬೀರುಲಿ ಇಡಕೂ ಬರ್ನಿಲ್ಲ’ ಎಂದಳು. ಕೈ ನೀಡಿ ತೆಗೆದುಕೊಂಡೆವು. ಆ ತರುಣ ಕಟ್ಟೆಯ ಮೇಲಿಟ್ಟು ಹೋದ ಲಿಂಗವೂ ನಮ್ಮ ಪೂಜಾಕೋಣೆಯಲ್ಲೇ ಇದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ನಮ್ಮ ಲಿಂಗಪೂಜೆ ಮುಗಿದ ಮೇಲೆ ಅವಕ್ಕೂ ನೀರೆರೆದು, ಭಸ್ಮ ಧರಿಸಿ, ಒಂದೊಂದು ಪತ್ರೆ ಇಡುತ್ತೇವೆ.

ಹೋದ ತಿಂಗಳು ಮೇಷ್ಟ್ರು ಬಂದಿದ್ದರು. ಗಣಕಯಂತ್ರಕ್ಕೆ ಲಿನಕ್ಸನ್ನೇ ಹಾಕಿಸಿಕೊಂಡಿದ್ದಾರೆ, ಕಷ್ಟಪಟ್ಟು ಕಲಿಯುತ್ತಿದ್ದಾರೆ. ಗಾದೆಗಳನ್ನೆಲ್ಲ ಮತ್ತೆ ಜೋಡಿಸಿದ್ದಾರೆ. ಅದೆಲ್ಲ ಹೇಳಿ ಮುಗಿದ ಮೇಲೆ ಮಗಳ ಲಿಂಗವನ್ನು ನೋಡಬೇಕೆಂದರು. ಪೆಟ್ಟಿಗೆ ತೆಗೆದು ಕೊಟ್ಟೆವು. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ನಮ್ಮ ಕೈಗೆ ಹಿಂತಿರುಗಿಸಿ, ‘ದೀಪಾವಳಿಗ ಬಾ ಅಂತ ಅವಳ್ಗ ಫೋನ್ ಮಾಡಿವ್ನಿ ಬುದ್ಧಿ’ ಎಂದರು.

ಹೊತ್ತು ಬಹಳವಾಯಿತು. ನಾಳೆ ಪ್ರಸಾದಿಸ್ಥಲವನ್ನು ಎತ್ತಿಕೊಳ್ಳೋಣ. ಮಕ್ಕಳನ್ನೂ ಜೊತೆಯಲ್ಲಿ ಕರೆತನ್ನಿ.